ಬೊಂಡ ಕುಡಿದರೂ ಅಪ್ಪ ಕುಸಿದು ಬಿದ್ದದ್ದು ಯಾಕೆ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಅಪ್ಪನಿಗೆ 64 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಾರ್ಚ್‌ನಲ್ಲಿ ಜ್ವರ ಬಂದು ಎರಡು ವಾರ ಮಲಗಿದ್ದರು. ಎದ್ದ ಮರುದಿನವೇ ಬೆಳಗ್ಗೆ ಒಂಬತ್ತರಿಂದ ಒಂದು ಗಂಟೆವರೆಗೆ ಅಡಿಕೆ ಹೊತ್ತು ತಂದು ಅಂಗಳದಲ್ಲಿ ಹರಡಿದರು. ನಡುವೆ ಮೂರು ಬೊಂಡ (ಎಳನೀರು) ಕುಡಿದಿದ್ದರು, ನೀರೂ ಬೇಕಾದಷ್ಟು ಕುಡಿದಿದ್ದರು. ಆದರೂ ತೂರಾಡಿ ಕುಸಿದರು. ಏನೇನೋ ಮಾತಾಡಿದರು, ವಾಂತಿ ಮಾಡಿದರು. ಮೈ ಸುಡುತ್ತಿತ್ತು, ಬೆವರೂ ಸುರಿಯುತ್ತಿತ್ತು. ಒಳಗೆ ಮಲಗಿಸಿ, ಹೊದೆಸಿ, ಪ್ಯಾರಾಸಿಟಮಾಲ್ ಕೊಟ್ಟು ಕಾರಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದೆವು. ಹೀಟ್ ಸ್ಟ್ರೋಕ್ ಎಂದರು. ಈಗ ಮನೆಗೆ ಬಂದಿದ್ದಾರೆ, ಮತ್ತೆ ತೋಟಕ್ಕೆ ಹೋಗುತ್ತೇನೆ ಎನ್ನುತ್ತಾರೆ. ಅಂದು ಮೊಬೈಲಿನಲ್ಲಿ 35 ಡಿಗ್ರಿ ತೋರಿಸುತ್ತಿತ್ತು. ರಾಯಚೂರಿನಲ್ಲಿರುವ ಅಕ್ಕನ ಊರಲ್ಲಿ 42 ಅಂತೆ, ಅಲ್ಲಿ ಅವರ ಮನೆಯಲ್ಲಿ ಯಾರಿಗೂ ಹೀಗಾಗಿಲ್ಲ. ಮುಂದಿನ ವಾರ ತಮ್ಮ ದುಬೈಯಿಂದ ಬರುತ್ತಾನೆ, ತೋಟದ ಕೆಲಸ ಅವನು ನೋಡಿಕೊಳ್ಳುತ್ತಾನಂತೆ. ಪಕ್ಕದ ಮನೆಯಲ್ಲಿ ಗೇರುತೋಟಕ್ಕೆ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನ್‌ನಿಂದ ಹಾಸಿಗೆ ಹಿಡಿದ ಹುಡುಗನೂ ಇದ್ದಾನೆ. ನಾವೆಲ್ಲ ಏನು ಮಾಡಬೇಕು?

ಉತ್ತರ: ನಿಮ್ಮ ಅಪ್ಪ ಮನೆಗೆ ಬಂದಿದ್ದಾರೆ ಎಂದು ಓದಿ ಸಮಾಧಾನವಾಯಿತು. ಹೀಟ್ ಸ್ಟ್ರೋಕ್ ಆಗಿ ಮಾತು ತಪ್ಪಿ ಏನೇನೋ ಮಾತಾಡಿದವರೆಲ್ಲ ಹಾಗೆ ಮನೆಗೆ ಮರಳುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಎನಿಸಿದ ಮಾತು ಒಂದು. ಅವರು ನೀರು ಕುಡಿದಿದ್ದರು. ಬೊಂಡವನ್ನೂ ಕುಡಿದಿದ್ದರು. ಬೇಸಿಗೆ ಬಂತೆಂದರೆ ನಾವು ವೈದ್ಯರು, ಪತ್ರಿಕೆಯವರು, ಪಂಚಾಯತಿನವರು ಎಲ್ಲರೂ ಹೇಳುವುದು ‘ಚೆನ್ನಾಗಿ ನೀರು ಕುಡಿಯಿರಿ’ ಅಂತ. ಅದು ಸರಿಯೇ. ಆದರೆ ನಮ್ಮ ಕರಾವಳಿಯ ಸೆಕೆಯಲ್ಲಿ ಅಷ್ಟು ಸಾಕಾಗುವುದಿಲ್ಲ. ಮೈಯ ಬಿಸಿಯನ್ನು ಇಳಿಸುವುದು ಕುಡಿದ ನೀರಲ್ಲ, ಚರ್ಮದ ಮೇಲಿಂದ ಆರಿ ಹೋಗುವ ನೀರು. ಇದೊಂದು ಸಂಗತಿ ತಲೆಯಲ್ಲಿದ್ದರೆ ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಕೆಲಸ ಮಾಡುವಾಗ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಬಿಸಿಯಾಗಿಯೇ ಮೈಯೊಳಗೆ ಉಳಿಯುತ್ತದೆ. ಗೋಣಿ ತುಂಬ ಅಡಿಕೆ ಹೊತ್ತು ಗುಡ್ಡ ಹತ್ತುವವನ ಮೈ ಒಳಗಿಂದಲೇ ಕಾಯುತ್ತಿರುತ್ತದೆ. ಆ ಬಿಸಿ ಹೊರಗೆ ಹೋಗಬೇಕು. ಗಾಳಿ ನಮ್ಮ ಚರ್ಮಕ್ಕಿಂತ ತಂಪಾಗಿದ್ದರೆ ಸ್ವಲ್ಪ ಹಾಗೆಯೇ ಹೋಗುತ್ತದೆ. ಚರ್ಮದ ಬಿಸಿ ಸುಮಾರು 35 ಡಿಗ್ರಿ. ಹೊರಗೂ 35 ಇದ್ದರೆ ಆ ದಾರಿ ಮುಚ್ಚಿತು. ಆಮೇಲೆ ಉಳಿಯುವುದು ಬೆವರು ಒಂದೇ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಬಿಸಿಯನ್ನು ಮೈಯಿಂದ ಎಳೆದುಕೊಂಡು ಹೋಗುತ್ತದೆ. ಅದು ತುಂಬ ದೊಡ್ಡ ಸಹಾಯ. ಆದರೆ ಆರಿದರೆ ಮಾತ್ರ. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಏನೂ ಪ್ರಯೋಜನವಿಲ್ಲ. ನೀರು, ಉಪ್ಪು ಎರಡೂ ಹೋಯಿತು, ಬಿಸಿ ಮಾತ್ರ ಒಳಗೇ ಉಳಿಯಿತು.

ಜೋರು ಮಳೆಯ ಆಟಿ ತಿಂಗಳಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ ಅಲ್ವಾ? ಏಪ್ರಿಲ್‌ನಲ್ಲಿ ನಮ್ಮ ಮೈಯ ಬೆವರಿನ ಕಥೆಯೂ ಅದೇ. ಸಮುದ್ರದ ಕಡೆಯ ಗಾಳಿಯಲ್ಲಿ ಮೊದಲೇ ನೀರಿನ ಅಂಶ ತುಂಬಿರುತ್ತದೆ, ಇನ್ನಷ್ಟು ಹೀರಿಕೊಳ್ಳಲು ಜಾಗವಿಲ್ಲ. ರಾಯಚೂರಿನ ಗಾಳಿ ಒಣಗಾಳಿ. ಅಲ್ಲಿ ಬೆವರು ಬಂದದ್ದೇ ಗೊತ್ತಾಗದಷ್ಟು ಬೇಗ ಆರುತ್ತದೆ.

ಇದನ್ನು ಅಳೆಯುವ ಒಂದು ಹಳೆಯ ವಿಧಾನ ಉಂಟು. ಥರ್ಮಾಮೀಟರ್‌ನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸುತ್ತಾರೆ. ನೀರು ಆರುತ್ತಾ ಎಷ್ಟು ಡಿಗ್ರಿವರೆಗೆ ತಂಪಾಗುತ್ತದೆಂದು ನೋಡುತ್ತಾರೆ. ಇದಕ್ಕೆ ವೆಟ್ ಬಲ್ಬ್ ತಾಪಮಾನ ಎನ್ನುತ್ತಾರೆ. ಲೆಕ್ಕ ಹಾಕಿದರೆ, 42 ಡಿಗ್ರಿ ಬಿಸಿಲು, ಗಾಳಿಯಲ್ಲಿ ಶೇ. 15 ತೇವ ಇದ್ದಾಗ ವೆಟ್ ಬಲ್ಬ್ ಸುಮಾರು 22. 35 ಡಿಗ್ರಿ, ಶೇ. 65 ತೇವ ಇದ್ದಾಗ ಸುಮಾರು 29. ಅಂದರೆ ಬೆವರಿನಿಂದ ತಂಪಾಗಬೇಕಾದ ಮೈಗೆ ನಿಮ್ಮ ಊರಿನ 35, ಅಕ್ಕನ ಊರಿನ 42ಕ್ಕಿಂತ ಕಷ್ಟ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರೋಗ್ಯವಂತ ಯುವಕ ಯುವತಿಯರ ಮೈಯೇ ವೆಟ್ ಬಲ್ಬ್ 30–31 ದಾಟಿದಾಗ ಬಿಸಿಯನ್ನು ತಡೆದುಕೊಳ್ಳಲಾಗದೆ ಏರತೊಡಗಿತ್ತು. ಅವರು ಮಾಡುತ್ತಿದ್ದದ್ದು ತೀರ ಹಗುರ ಕೆಲಸ. ನಿಮ್ಮ ಅಪ್ಪನಿಗೆ 64, ತಲೆಯ ಮೇಲೆ ಗೋಣಿ ಬೇರೆ.

ಹಾಗಂತ ರಾಯಚೂರಿನ ಅಕ್ಕ ನಿಶ್ಚಿಂತೆಯಿಂದ ಇರಬಹುದು ಎಂದಲ್ಲ. ಒಣ ಬಿಸಿಲಿನಲ್ಲಿ ನೀರು ಕಳೆದುಕೊಳ್ಳುವುದು ಗೊತ್ತೇ ಆಗುವುದಿಲ್ಲ, ಅಲ್ಲಿ ಅದೇ ಅಪಾಯ. ಗಾಳಿ 40 ಡಿಗ್ರಿ ದಾಟಿದಾಗ ಒಣ ಮೈಗೆ ಫ್ಯಾನ್ ಬಿಸಿಯನ್ನೇ ತಂದು ಹಾಕುತ್ತದೆ. ನಮ್ಮಲ್ಲಿ 35ರಲ್ಲಿ ಫ್ಯಾನ್ ಒಳ್ಳೆಯದೇ.

ಮೊಬೈಲಿನ ಆ 35 ಇದೆಯಲ್ಲ, ಅದು ನೆರಳಿನ ಲೆಕ್ಕ. ಹವಾಮಾನ ಇಲಾಖೆಯವರು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಟ್ಟು ಅಳೆಯುತ್ತಾರೆ. ಸಿಮೆಂಟಿನ ಅಂಗಳದಲ್ಲಿ ಬಗ್ಗಿ ಅಡಿಕೆ ಹರಡುವವನಿಗೆ ಮೇಲಿಂದ ಬಿಸಿಲು, ಕೆಳಗಿಂದ ನೆಲದ ಕಾವು. ಅಂಗಳಕ್ಕಿಂತ ಹೆಚ್ಚು ಹೆದರಿಕೆ ನನಗೆ ಪ್ಲಾಸ್ಟಿಕ್ ಶೀಟು ಹೊದೆಸಿದ ಅಡಿಕೆ ಒಣಗಿಸುವ ಸೋಲಾರ್ ಗೂಡಿನದ್ದು. ಒಳಗೆ ಗಾಳಿಯಿಲ್ಲ, ಹಸಿ ಅಡಿಕೆಯಿಂದ ಎದ್ದ ಆವಿ ತುಂಬಿರುತ್ತದೆ. ಮಧ್ಯಾಹ್ನ ಅದರೊಳಗೆ ಹೊಕ್ಕು ಅಡಿಕೆ ಮಗುಚುವ ಕೆಲಸ ಯಾರೂ ಮಾಡಬಾರದು. ಬೆಳಗ್ಗೆ ಏಳಕ್ಕೆ ಮೊದಲು ಮಗುಚಿ, ಇಲ್ಲದಿದ್ದರೆ ಸಂಜೆ. ಕೆಂಪುಕಲ್ಲು ಕಡಿಯುವ ಕೋರೆಯೂ ಹಾಗೆಯೇ. ಸುತ್ತಲೂ ಕಾದ ಗೋಡೆ, ಗುಂಡಿಯೊಳಗೆ ಗಾಳಿಯಿಲ್ಲ. ತೋಟದೊಳಗೆ ನೆರಳಿದೆ ಎಂದು ನೆಮ್ಮದಿ ಪಡುತ್ತೇವೆ, ಆದರೆ ಸ್ಪ್ರಿಂಕ್ಲರ್ ಬಿಟ್ಟ ಕೂಡಲೇ ಅಲ್ಲಿನ ತೇವ ಇನ್ನೂ ಜಾಸ್ತಿಯಾಗುತ್ತದೆ. ನೀರು ಹಾಕುವುದನ್ನೂ ಭಾರ ಹೊರುವುದನ್ನೂ ಒಂದೇ ಹೊತ್ತಿಗೆ ಇಟ್ಟುಕೊಳ್ಳಬೇಡಿ.

ಈಗ ಅಂದಿನ ಘಟನೆಗೆ ಬರುತ್ತೇನೆ. ನೀವು ಮಾಡಿದ್ದನ್ನು ತಪ್ಪು ಎಂದು ಬೈಯಲು ಅಲ್ಲ. ಎಲ್ಲರ ಮನೆಯಲ್ಲೂ ಅದನ್ನೇ ಮಾಡುತ್ತಾರೆ. ಮುಂದೆ ಯಾರಿಗಾದರೂ ಹೀಗಾದರೆ ಬೇರೆ ಥರ ಮಾಡಬೇಕು, ಅದಕ್ಕೆ.

ಬಿಸಿಲಿನಲ್ಲಿ ಕೆಲಸ ಮಾಡಿದವರಿಗೆ ಮೀನಖಂಡ ಹಿಡಿಯಬಹುದು, ತಲೆ ಸುತ್ತಬಹುದು, ವಾಕರಿಕೆ ಬರಬಹುದು, ಸುಸ್ತಾಗಬಹುದು. ಆದರೆ ಮಾತಾಡಿಸಿದರೆ ಸರಿಯಾಗಿ ಉತ್ತರ ಕೊಡುತ್ತಾರೆ. ಅಂಥವರನ್ನು ನೆರಳಲ್ಲಿ ಮಲಗಿಸಿ, ಕಾಲು ಸ್ವಲ್ಪ ಎತ್ತರಿಸಿ, ಮೈ ಒದ್ದೆ ಮಾಡಿ, ಉಪ್ಪು ಹಾಕಿದ ಪಾನೀಯ ಕೊಟ್ಟರೆ ಅರ್ಧ ಗಂಟೆಯಲ್ಲಿ ಚೇತರಿಸುತ್ತಾರೆ. ಚೇತರಿಸದಿದ್ದರೆ ಆಸ್ಪತ್ರೆಗೆ.

ಮಾತು ತೊದಲಿದರೆ, ಅಸಂಬದ್ಧ ಮಾತಾಡಿದರೆ, ಸುಮ್ನೆ ಸಿಟ್ಟಿಗೆದ್ದರೆ, ತೂರಾಡಿದರೆ, ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ ಅದು ಬೇರೆಯೇ ಮಟ್ಟ. ಮೈಯೊಳಗಿನ ಬಿಸಿ 40 ಡಿಗ್ರಿ ಮುಟ್ಟಿದೆ ಅಥವಾ ದಾಟಿದೆ, ಮಿದುಳು ಬೇಯುತ್ತಿದೆ ಎಂದೇ ತಿಳಿಯಬೇಕು. ‘ಬೆವರು ನಿಂತರೆ ಮಾತ್ರ ಹೀಟ್ ಸ್ಟ್ರೋಕ್’ ಎಂಬ ನಂಬಿಕೆ ಬಹಳ ಜನರಲ್ಲಿದೆ. ದುಡಿಯುವಾಗ ಬೀಳುವವರಲ್ಲಿ ಬೆವರು ಸುರಿಯುತ್ತಲೇ ಇರಬಹುದು, ನಿಮ್ಮ ಅಪ್ಪನಿಗೆ ಆದ ಹಾಗೆ. ನೇರ ಬಿಸಿಲು ಬಿದ್ದಿರಲೇಬೇಕು ಎಂದೂ ಇಲ್ಲ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು 38.5 ಬಂತು, ಪರವಾಗಿಲ್ಲ ಎನ್ನಬೇಡಿ. ಒಳಗಿನ ಬಿಸಿಯನ್ನು ಅದು ಕಡಿಮೆಯೇ ತೋರಿಸುತ್ತದೆ. ಮಾತು, ನಡೆ, ಪ್ರಜ್ಞೆ ಕೆಟ್ಟಿದೆಯೇ ಎಂಬುದನ್ನು ನೋಡಿ, ಸಾಕು.

ಆಗ ಮೊದಲ ಕೆಲಸ ತಂಪು ಮಾಡುವುದು. ಕಾರು ತರುವುದು ಎರಡನೆಯದ್ದು. ಪೆರ್ಲದಿಂದ ಮಂಗಳೂರಿಗೆ ಒಂದು ಗಂಟೆಗೂ ಮೇಲಿನ ದಾರಿ. ಮಿದುಳು, ಲಿವರ್, ಕಿಡ್ನಿ ಎಷ್ಟು ಹೊತ್ತು ಆ ಬಿಸಿಯಲ್ಲಿ ಇದ್ದವು ಎಂಬುದರ ಮೇಲೆ ಜೀವ ನಿಂತಿದೆ. ಮೊದಲ ಅರ್ಧ ಗಂಟೆಯಲ್ಲಿ ಬಿಸಿ ಇಳಿಸಿದರೆ ಹೆಚ್ಚಿನವರು ಬದುಕುತ್ತಾರೆ. ಆ ಅರ್ಧ ಗಂಟೆ ಆಸ್ಪತ್ರೆಯವರ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲೇ ಇದೆ.

ಒಬ್ಬರು 108ಕ್ಕೆ ಫೋನ್ ಮಾಡಲಿ. ಉಳಿದವರು ರೋಗಿಯನ್ನು ಹತ್ತಿರದ ನೆರಳಿಗೆ ಎಳೆದು ತನ್ನಿ. ಅಂಗಿ, ಬೂಟು ಬಿಚ್ಚಿ. ತೋಟಕ್ಕೆ ನೀರು ಬಿಡುವ ಪೈಪು ಇರುತ್ತದಲ್ಲ, ಅದನ್ನು ಹಿಡಿದು ತಲೆಯಿಂದ ಕಾಲಿನವರೆಗೆ ನೀರು ಬಿಡುತ್ತಲೇ ಇರಿ. ಪೈಪಿನಲ್ಲಿ ಬಿಸಿಲಿಗೆ ಕಾದು ನಿಂತ ನೀರನ್ನು ಮೊದಲು ಚೆಲ್ಲಿ. ಪೈಪು ಇಲ್ಲದಿದ್ದರೆ ಕೊಡಪಾನ, ಬಕೆಟ್, ಏನಾದರೂ ಸರಿ. ಇನ್ನೊಬ್ಬರು ಅಡಿಕೆ ಹಾಳೆಯಿಂದಲೋ ರಟ್ಟಿನಿಂದಲೋ ಜೋರಾಗಿ ಗಾಳಿ ಹಾಕಲಿ. ನಮ್ಮ ಸೆಕೆಯಲ್ಲಿ ನೀರು ತಾನಾಗಿ ಆರುವುದಿಲ್ಲ, ಅದಕ್ಕೆ ನೀರು ಧಾರಾಳ ಬೇಕು, ಗಾಳಿಯೂ ಬೇಕು. ಫ್ರಿಜ್ಜಿನಲ್ಲಿ ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಯ ಸಂದಿಗೆ ಇಡಿ. ಬರೀ ಹಣೆಗೆ ಒದ್ದೆ ಬಟ್ಟೆ ಹಾಕಿದರೆ ಸಾಲದು.

ತಂಪಾದ ನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿಸಿ ಕೂರಿಸುವುದು ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬಂದು ಬೀಳುವ ತೊಟ್ಟಿ ಉಂಟು. ಆ ನೀರು ಏಪ್ರಿಲ್‌ನಲ್ಲೂ ತಂಪು. ಆಳ ಕಡಿಮೆಯಿರುವ ಅಂಥ ತೊಟ್ಟಿ ಹತ್ತಿರವೇ ಇದ್ದರೆ, ಕಂಕುಳಡಿಯಲ್ಲಿ ಇಬ್ಬರು ಗಟ್ಟಿಯಾಗಿ ಹಿಡಿದು, ತಲೆ ಮೇಲಿಟ್ಟು ಕೂರಿಸಿ. ಕೆರೆಗೆ ಮಾತ್ರ ಬೇಡ. ಪ್ರಜ್ಞೆ ಸರಿಯಿಲ್ಲದವರು ಕೈಯಿಂದ ಜಾರಿದರೆ ಮುಗಿಯಿತು.

ಬಿಸಿ ಮೈಗೆ ತಣ್ಣೀರು ಸುರಿದರೆ ನರ ಸೆಟೆಯುತ್ತದೆ, ಜ್ವರ ನೆತ್ತಿಗೇರುತ್ತದೆ ಎಂದು ಹಿರಿಯರು ತಡೆಯುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಇಲ್ಲಿ ಅದನ್ನು ಕೇಳಬೇಡಿ. ನಡುಕ ಶುರುವಾದರೆ ಅಥವಾ ಸರಿಯಾಗಿ ಮಾತಾಡತೊಡಗಿದರೆ ಆಗ ನಿಲ್ಲಿಸಿ, ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ ಒದ್ದೆ ಬಟ್ಟೆ ಮೈಮೇಲಿರಲಿ, ಎಸಿ ಹಾಕಿ ಅಥವಾ ಗಾಜು ಇಳಿಸಿ. ಕಂಬಳಿ ಬೇಡ. ಹತ್ತಿರದ ಆಸ್ಪತ್ರೆಗೇ ಮೊದಲು ಹೋಗಿ, ಮಂಗಳೂರು ಆಮೇಲೆ.

ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ. ಸೋಂಕಿನ ಜ್ವರದಲ್ಲಿ ಮಿದುಳೇ ಮೈಯ ಬಿಸಿಯ ಮಟ್ಟವನ್ನು ಏರಿಸಿಟ್ಟಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ. ಹೀಟ್ ಸ್ಟ್ರೋಕ್‌ನಲ್ಲಿ ಮಿದುಳು ಏನೂ ಏರಿಸಿಲ್ಲ, ಬಿಸಿ ಹೊರಹೋಗಲು ದಾರಿಯಿಲ್ಲ ಅಷ್ಟೆ. ಮೇಲಾಗಿ ಲಿವರ್‌ಗೆ ಆಗಲೇ ಪೆಟ್ಟು ಬಿದ್ದಿರಬಹುದು, ಮಾತ್ರೆ ಅದಕ್ಕೆ ಇನ್ನಷ್ಟು ಭಾರ. ಮಾತು ತಪ್ಪಿದವರ ಬಾಯಿಗೆ ನೀರನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ವಾಂತಿಯಾಗುತ್ತಿದ್ದರೆ ಮಗ್ಗುಲಾಗಿ ಮಲಗಿಸಿ.

ಅಪ್ಪ ಈ ವರ್ಷವೇ ಯಾಕೆ ಬಿದ್ದರು? ಪ್ರತಿ ಬೇಸಿಗೆಯೂ ಇದೇ ಕೆಲಸ ಮಾಡಿದವರು. ನನಗೆ ಕಾಣುವ ದೊಡ್ಡ ಕಾರಣ, ಎರಡು ವಾರ ಮಲಗಿ ಎದ್ದ ಮರುದಿನವೇ ನಾಲ್ಕು ಗಂಟೆ ದುಡಿದದ್ದು. ಮೈ ಸೆಕೆಗೆ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆಗ ಬೆವರು ಬೇಗ ಬರುತ್ತದೆ, ಜಾಸ್ತಿ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ, ರಕ್ತದ ನೀರಿನಂಶ ಹೆಚ್ಚುತ್ತದೆ. ಕೆಲಸ ಬಿಟ್ಟು ಕೂತರೆ ಒಂದೆರಡು ವಾರದಲ್ಲಿ ಬಹಳಷ್ಟು ಕಳೆದುಹೋಗುತ್ತದೆ. ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ‘ಓಷಾ’ ಸಂಸ್ಥೆಯ ಪ್ರಕಾರ, ಸೆಕೆಯಿಂದ ಸತ್ತ ಕಾರ್ಮಿಕರಲ್ಲಿ ಸುಮಾರು ಅರ್ಧದಷ್ಟು ಜನ ಕೆಲಸದ ಮೊದಲ ದಿನವೇ ಸತ್ತವರು. ಶೇ. 70ಕ್ಕಿಂತ ಹೆಚ್ಚು ಮೊದಲ ವಾರದೊಳಗೆ. ಅದಕ್ಕೆ ಅವರು ಹೊಸಬರಿಗೆ ಒಂದು ಕ್ರಮ ಹೇಳುತ್ತಾರೆ: ಮೊದಲ ದಿನ ಪೂರ್ತಿ ಕೆಲಸದ ಐದರಲ್ಲೊಂದು ಪಾಲು, ಮರುದಿನ ಎರಡು ಪಾಲು, ಹೀಗೆ ದಿನಕ್ಕೊಂದು ಪಾಲು ಏರಿಸುತ್ತಾ ಹೋಗುವುದು.

ದುಬೈಯಿಂದ ಬರುವ ತಮ್ಮನಿಗೂ ಇದೇ ಮಾತು. ಗಲ್ಫಿನ ಬಿಸಿಲು ನೋಡಿದವನು, ಇದೇನು ಮಹಾ ಎನ್ನಬಹುದು. ಎಸಿ ಆಫೀಸು, ಎಸಿ ಕಾರು, ಎಸಿ ಕೋಣೆಯಲ್ಲಿದ್ದವನ ಮೈ ಬಿಸಿಲಿಗೆ ಒಗ್ಗಿರುವುದಿಲ್ಲ. ಊರಿಗೆ ಬಂದ ಖುಷಿಯಲ್ಲಿ ಮೊದಲ ದಿನವೇ ಹಾರೆ ಹಿಡಿಯುವುದು ಬೇಡ. ಬಯಲಲ್ಲಿ ದುಡಿಯುವವನಾದರೆ ಅವನಿಗೇ ಗೊತ್ತಿರುತ್ತದೆ: ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಅಲ್ಲಿ ಪಾಲಿಸುವ ನಿಯಮವನ್ನು ಸ್ವಂತ ತೋಟದಲ್ಲೂ ಪಾಲಿಸಲಿ.

ನಮ್ಮಲ್ಲೂ ನಿಯಮ ಉಂಟು. ಕೇರಳದ ಕಾರ್ಮಿಕ ಇಲಾಖೆ ಬೇಸಿಗೆಯಲ್ಲಿ ಬಿಸಿಲಿಗೆ ಕೆಲಸ ಮಾಡುವವರಿಗೆ 12ರಿಂದ 3ರವರೆಗೆ ಬಿಡುವು ಕೊಡಲೇಬೇಕೆಂದು ಆದೇಶ ಹೊರಡಿಸುತ್ತದೆ. ಬೆಳಗ್ಗೆ 7ರಿಂದ ಸಂಜೆ 7ರೊಳಗೆ ಎಂಟು ಗಂಟೆ ಕೆಲಸ, ನಡುವೆ ಈ ಬಿಡುವು. ಉಷ್ಣ ಅಲೆ, ಸೂರ್ಯಾಘಾತಗಳನ್ನು ಕೇರಳ 2019ರಲ್ಲೇ ರಾಜ್ಯದ ವಿಶೇಷ ವಿಪತ್ತು ಎಂದು ಘೋಷಿಸಿದೆ. ನಾವು ಕನ್ನಡದವರು ಹೆಚ್ಚಾಗಿ ನೋಡುವುದು ಬೆಂಗಳೂರಿನ ಚಾನೆಲ್. ಅದರಲ್ಲಿ ಕಲಬುರಗಿ, ರಾಯಚೂರಿನ 42 ದೊಡ್ಡ ಸುದ್ದಿಯಾಗುತ್ತದೆ, ನಮ್ಮ 35 ಸುದ್ದಿಯೇ ಅಲ್ಲ. ಕರಾವಳಿಯಲ್ಲಿ ಉಷ್ಣ ಅಲೆ ಎಂದು ಘೋಷಿಸಬೇಕಾದರೂ 37 ಮುಟ್ಟಬೇಕು, ಮಾಮೂಲಿಗಿಂತ 4.5 ಡಿಗ್ರಿ ಹೆಚ್ಚಾಗಬೇಕು. ಆ ಘೋಷಣೆಗೆ ಕಾಯುತ್ತಾ ಕೂತರೆ ಕೆಟ್ಟೆವು. ಕೇರಳಕ್ಕೆ ‘ಬಿಸಿ ಮತ್ತು ತೇವದ ಹವೆ’ ಎಂದು ಹಳದಿ ಅಲರ್ಟ್ ಕೊಡುತ್ತಾರಲ್ಲ, ಕಾಸರಗೋಡಿನ ಹೆಸರು ಅದರಲ್ಲಿ ಇದೆಯೇ ಎಂದು ನೋಡಿ. ಮಲಯಾಳಂ ಓದಲು ಬಾರದವರಿಗೆ ಮನೆಯ ಮಕ್ಕಳು ಓದಿ ಹೇಳಲಿ.

ತೋಟದ ಯಜಮಾನರಿಗೆ ಒಂದು ಮಾತು. ಕೆಲಸ ಬೆಳಗ್ಗೆ ಆರೂವರೆಗೆ ಶುರುವಾಗಲಿ, ಹತ್ತೂವರೆ ಹನ್ನೊಂದಕ್ಕೆ ನಿಲ್ಲಲಿ, ಉಳಿದದ್ದು ನಾಲ್ಕರ ಮೇಲೆ. ಸಂಬಳ ಕಡಿತ ಮಾಡಬೇಡಿ. ಕೂಲಿ ಹೋಗುತ್ತದೆ ಎಂಬ ಹೆದರಿಕೆಗೇ ಎಷ್ಟೋ ಜನ ತಲೆ ಸುತ್ತಿದರೂ ಹೇಳದೆ ದುಡಿಯುತ್ತಾರೆ. ಗೇರುಬೀಜ ಹೆಕ್ಕುವ ಹೆಂಗಸರು ಮರೆಯಾಗಿ ಹೋಗಲು ಜಾಗವಿಲ್ಲವೆಂದು ನೀರನ್ನೇ ಕುಡಿಯುವುದಿಲ್ಲ. ಗುಡ್ಡದಲ್ಲಿ ಒಂದು ಮರೆ ಕಟ್ಟಿಕೊಟ್ಟರೆ ಅದೂ ಜೀವ ಉಳಿಸುವ ಕೆಲಸವೇ. ಒಬ್ಬೊಬ್ಬರನ್ನೇ ದೂರ ಬಿಡಬೇಡಿ. ಮಾತು ತಪ್ಪಿದವನಿಗೆ ತನಗೆ ಹಾಗಾಗಿದೆ ಎಂದು ಗೊತ್ತಾಗುವುದಿಲ್ಲ, ಜೊತೆಗಿರುವವನಿಗೇ ಗೊತ್ತಾಗಬೇಕು. ಮುಕ್ಕಾಲು ಗಂಟೆಗೊಮ್ಮೆ ನೆರಳಿಗೆ ಬಂದು ಬೈರಾಸು (ಟವೆಲ್) ಒದ್ದೆ ಮಾಡಿ ತಲೆ, ಕುತ್ತಿಗೆ, ತೋಳಿಗೆ ಹಾಕಿಕೊಂಡು ಗಾಳಿಗೆ ಕೂರಬೇಕು. ಅಡಿಕೆ ಹಾಳೆಯ ಟೋಪಿ ಮುಟ್ಟಾಳೆ ಒಳ್ಳೆಯದು, ಪ್ಲಾಸ್ಟಿಕ್ ಟೋಪಿ ಬೇಡ. ದಪ್ಪ ಪಾಲಿಸ್ಟರ್ ಶರ್ಟಿಗಿಂತ ತೆಳು ಹತ್ತಿ ಬಟ್ಟೆ ಎಷ್ಟೋ ಮೇಲು.

ಕುಡಿಯುವುದರ ಬಗ್ಗೆ. ಇಪ್ಪತ್ತು ನಿಮಿಷಕ್ಕೊಂದು ಲೋಟ ಸಾಕು. ಗಂಟೆಗೆ ಒಂದೂವರೆ ಲೀಟರ್‌ಗಿಂತ ಜಾಸ್ತಿ ಬೇಡ. ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ಇಳಿದು ಅದರಿಂದಲೂ ವಾಂತಿ, ಗೊಂದಲ, ಫಿಟ್ಸ್ ಬರಬಹುದು. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ಅಂದರೆ ನಾವು ತಿನ್ನುವ ಉಪ್ಪು. ಬೊಂಡದಲ್ಲಿ ಹೆಚ್ಚಾಗಿ ಇರುವುದು ಪೊಟ್ಯಾಸಿಯಂ. ಹಾಗಾಗಿ ಬೊಂಡ ಎಷ್ಟು ಕುಡಿದರೂ ಕಳೆದುಹೋದ ಉಪ್ಪು ಪೂರ್ತಿ ತುಂಬುವುದಿಲ್ಲ. ಕಿಡ್ನಿ ತೊಂದರೆ ಇರುವವರಿಗೆ, ಪೊಟ್ಯಾಸಿಯಂ ಏರಿಸುವ ಕೆಲವು ಬಿಪಿ ಮಾತ್ರೆ ತಿನ್ನುವವರಿಗೆ ದಿನಕ್ಕೆ ಮೂರು ನಾಲ್ಕು ಬೊಂಡ ಅಪಾಯವೂ ಆಗಬಹುದು. ಅಪ್ಪನ ಮಾತ್ರೆ ಯಾವುದೆಂದು ನೋಡದೆ ನಾನು ಹೆಚ್ಚು ಹೇಳಲಾರೆ, ದಿನಕ್ಕೊಂದು ಸಾಕು.

ಕುಚ್ಚಲಕ್ಕಿ ಗಂಜಿಯ ತೆಳಿಗೆ ಉಪ್ಪು ಹಾಕಿ ಕುಡಿಯುವ ನಮ್ಮ ಹಳೆಯ ಅಭ್ಯಾಸ ಇದೆಯಲ್ಲ, ಬೆವರು ಸುರಿಸಿ ದುಡಿಯುವವರಿಗೆ ಅದಕ್ಕಿಂತ ಒಳ್ಳೆಯದು ನಮ್ಮ ಮನೆಗಳಲ್ಲಿ ಇಲ್ಲ. ಉಪ್ಪು ಹಾಕಿದ ನೀರುಮಜ್ಜಿಗೆಯೂ ಹಾಗೆಯೇ. ಪುನರ್ಪುಳಿ (ಕೋಕಂ) ಶರಬತ್ತಿಗೆ ಒಂದು ಚಿಟಿಕೆ ಉಪ್ಪು ಬೀಳಲಿ. ಬಚ್ಚಂಗಾಯಿ (ಕಲ್ಲಂಗಡಿ) ತಿನ್ನಿ. ಓಆರ್‌ಎಸ್ ಪುಡಿ ತಂದರೆ ಪ್ಯಾಕೆಟ್ಟಿನಲ್ಲಿ ಬರೆದಷ್ಟೇ ನೀರಿಗೆ ಪೂರ್ತಿ ಹಾಕಬೇಕು, ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ. ಅರ್ಧ ಲೋಟಕ್ಕೆ ಒಂದು ಚಮಚ ಎಂದು ಅಂದಾಜಿಗೆ ಕಲಸಬಾರದು. ಪುಡಿ ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹೆಸರಿನಲ್ಲಿ ಓಆರ್‌ಎಸ್ ಎಂದು ಬರೆದುಕೊಂಡು ಬರುತ್ತಿದ್ದ ಸಿಹಿ ಪಾನೀಯಗಳನ್ನು ನಂಬಬೇಡಿ. ಸರಿಯಾದ ಅಳತೆಯಲ್ಲಿಲ್ಲದ ಪಾನೀಯಕ್ಕೆ ಆ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ. ಬಿಪಿ ಇರುವವರು ಮನೆಯಲ್ಲಿ ಸುಮ್ಮನೆ ಕೂತ ದಿನ ಹೆಚ್ಚಿನ ಉಪ್ಪು ತಿನ್ನಬೇಕಾಗಿಲ್ಲ. ಹೆಂಡ, ಸಾರಾಯಿ ಕುಡಿದು ಮರುದಿನ ಕೋರೆಗೆ ಇಳಿಯುವುದಂತೂ ಬೇಡವೇ ಬೇಡ.

ಸಾಕಷ್ಟು ಕುಡಿದಿದ್ದೇವೆಯೇ ಎಂದು ತಿಳಿಯಲು ಮೂತ್ರದ ಬಣ್ಣ ನೋಡಿ. ತಿಳಿಹಳದಿ ಇದ್ದರೆ ಸರಿ. ಕಡು ಹಳದಿಯಾದರೆ ನೀರು ಸಾಲದು.

ರಾತ್ರಿಯ ಸೆಕೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಗಲು ಬಳಲಿದ ಮೈ ರಾತ್ರಿ ತಂಪಾಗಿ ಸುಧಾರಿಸಿಕೊಳ್ಳಬೇಕು. ಹಂಚಿನ ಮನೆ ಬೇಗ ಆರುತ್ತದೆ. ಕಾಂಕ್ರೀಟ್ ತಾರಸಿ ಹಗಲು ಹೀರಿದ ಕಾವನ್ನು ನಡುರಾತ್ರಿವರೆಗೂ ಕೆಳಗೆ ಬಿಡುತ್ತಿರುತ್ತದೆ. ತಾರಸಿಗೆ ಸುಣ್ಣ ಬಳಿಯಿರಿ, ಇಲ್ಲವೇ ತೆಂಗಿನ ಮಡಲು, ಅಡಿಕೆ ಸೋಗೆ ಹಾಸಿ. ಆದರೆ ಬೆಂಕಿಯ ಕಿಡಿ ಬೀಳದ ಹಾಗೆ ನೋಡಿಕೊಳ್ಳಿ. ಮೇಲಿನ ಮಹಡಿ ಬಿಟ್ಟು ಕೆಳಗೆ, ಜಗಲಿಯ ಹತ್ತಿರ ಮಲಗಿ. ಮಲಗುವ ಮುಂಚೆ ತಣ್ಣೀರು ಸ್ನಾನ ಮಾಡಿ, ಮೈ ಪೂರ್ತಿ ಒರೆಸದೆ ಫ್ಯಾನಿನ ಕೆಳಗೆ ಕೂರಿ. ರಾತ್ರಿ ನಿದ್ದೆ ಸರಿಯಾಗದವರು ಮರುದಿನ ಕೆಲಸ ಅರ್ಧಕ್ಕಿಳಿಸಲಿ.

ಈ ತಿಂಗಳುಗಳಲ್ಲೇ ದೈವಗಳ ಕೋಲ, ತೆಯ್ಯಂ, ಬ್ರಹ್ಮಕಲಶ, ಮದುವೆ ಎಲ್ಲ ಬರುತ್ತವೆ. ಭಾರದ ವೇಷ ಕಟ್ಟಿ ಬಿಸಿಲಲ್ಲಿ ಕುಣಿಯುವವರ ಮೈಯಿಂದ ಬೆವರು ಆರುವುದೇ ಇಲ್ಲ. ವೇಷ ಕಳಚಿದ ಕೂಡಲೇ ಒದ್ದೆ ಬಟ್ಟೆ, ಗಾಳಿ, ಉಪ್ಪು ಹಾಕಿದ ಪಾನೀಯ ಸಿಗುವ ಹಾಗೆ ಸಮಿತಿಯವರು ಒಬ್ಬರನ್ನು ಅದಕ್ಕೆಂದೇ ನಿಲ್ಲಿಸಲಿ.

ಪಕ್ಕದ ಮನೆಯ ಹುಡುಗನ ಬಗ್ಗೆ ಕೇಳಿದ್ದೀರಿ. ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಬದಿಯಡ್ಕ, ಮುಳಿಯಾರು ಕಡೆ ಗೇರುತೋಟಗಳಿಗೆ ವರ್ಷಗಟ್ಟಲೆ ವಿಷ ಚೆಲ್ಲಿದ ಮೇಲೆ ಹೀಗೆ ಮಲಗಿದಲ್ಲೇ ಇರುವವರ ಮನೆಗಳು ನಮ್ಮಲ್ಲಿ ತುಂಬ ಇವೆ. ಅವರಿಗೆ ಬಾಯಾರಿಕೆ ಆದರೆ ಹೇಳಲು ಬರುವುದಿಲ್ಲ. ಸೆಕೆಯಾದರೆ ಮಗ್ಗುಲು ಬದಲಿಸಲೂ ಆಗುವುದಿಲ್ಲ. ಅವನ ಅಮ್ಮನಿಗೆ ಹೇಳಿ, ಗಂಟೆ ಗೊತ್ತುಮಾಡಿಕೊಂಡು ಕೊಂಚ ಕೊಂಚ ಕುಡಿಸಲಿ, ಕೇಳುವವರೆಗೆ ಕಾಯಬಾರದು. ರಬ್ಬರ್ ಶೀಟಿನ ಮೇಲೆ ದಪ್ಪ ಹತ್ತಿ ಬಟ್ಟೆ ಹಾಸಲಿ. ಮಧ್ಯಾಹ್ನ ಎರಡು ಗಂಟೆಗೊಮ್ಮೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ಫ್ಯಾನ್ ಹಾಕಲಿ. ಡೈಪರ್ ಎಷ್ಟು ಹೊತ್ತಿಗೆ ಒದ್ದೆಯಾಗುತ್ತಿದೆ ಎಂದು ನೋಡುತ್ತಿರಲಿ.

ಇನ್ನೊಂದು ವಿಷಯ. ಅವನು ಫಿಟ್ಸ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿರಬಹುದು. ಟೋಪಿರಮೇಟ್, ಝೋನಿಸಮೈಡ್ ಎಂಬ ಮಾತ್ರೆಗಳು ಬೆವರುವುದನ್ನೇ ಕಡಿಮೆ ಮಾಡುತ್ತವೆ. ಜೊಲ್ಲು ಕಡಿಮೆ ಮಾಡಲು ಕೊಡುವ ಕೆಲವು ಮದ್ದುಗಳೂ ಹಾಗೆಯೇ. ಮೈ ಬಿಸಿಯಾದರೆ ಫಿಟ್ಸ್ ಜಾಸ್ತಿಯಾಗಬಹುದು. ಮಾತ್ರೆ ನಿಲ್ಲಿಸುವಂತಿಲ್ಲ, ಅದು ಇನ್ನೂ ಅಪಾಯ. ಚೀಟಿ ತೆಗೆದುಕೊಂಡು ಹೋಗಿ ವೈದ್ಯರನ್ನು ಕೇಳಲಿ. ಕೇರಳ ಆರೋಗ್ಯ ಇಲಾಖೆಯ ‘ದಿಶಾ’ ಸಹಾಯವಾಣಿ 1056ಕ್ಕೂ ಫೋನ್ ಮಾಡಬಹುದು.

ಕೊನೆಗೆ ನಿಮ್ಮ ಅಪ್ಪ. ಹೀಟ್ ಸ್ಟ್ರೋಕ್ ಆದವರಿಗೆ ಕಡಿಮೆಯೆಂದರೂ ಒಂದು ವಾರ ಪೂರ್ತಿ ವಿಶ್ರಾಂತಿ ಬೇಕು. ಆ ವಾರದ ಕೊನೆಗೆ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಲಿವರ್ ಪರೀಕ್ಷೆ, ಸ್ನಾಯುಗಳಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಸಿಕೆ ಪರೀಕ್ಷೆ ಮಾಡಿಸಿ. ಅದರೊಳಗೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಕಡಿಮೆಯಾದರೆ, ಕಣ್ಣು ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಬಿಪಿ ಮಾತ್ರೆಗಳನ್ನೂ ತೋರಿಸಿ. ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ, ಅಟೆನೋಲಾಲ್, ಮೆಟೊಪ್ರೊಲಾಲ್ ಥರದವು ಸೆಕೆ ತಡೆಯುವ ಶಕ್ತಿಯನ್ನು ತಗ್ಗಿಸುತ್ತವೆ. ಬೇಸಿಗೆಗೆ ಪ್ರಮಾಣ ಬದಲಿಸಬೇಕೇ ಎಂದು ವೈದ್ಯರು ಹೇಳುತ್ತಾರೆ, ನೀವಾಗಿ ಬಿಡಬೇಡಿ.

ಪರೀಕ್ಷೆ ಎಲ್ಲ ಸರಿ ಬಂದರೂ ಈ ಬೇಸಿಗೆಯಲ್ಲಿ ಅವರು ಬಿಸಿಲಿಗೆ ಇಳಿದು ಭಾರ ಹೊರುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಒಮ್ಮೆ ಬಿದ್ದವರ ಮೈ ಕೆಲವು ತಿಂಗಳು ಬಿಸಿಯನ್ನು ಮೊದಲಿನಂತೆ ತಡೆಯದೇ ಇರಬಹುದು. ತೋಟ ನೋಡದೆ ಅವರಿಗೆ ಸಮಾಧಾನ ಆಗುವುದಿಲ್ಲ, ಅದು ನನಗೂ ಗೊತ್ತು. ಎರಡನೇ ವಾರದಿಂದ ಬೆಳಗ್ಗೆ ಏಳರೊಳಗೆ ಯಾರಾದರೊಬ್ಬರ ಜೊತೆ ಒಂದು ಸುತ್ತು ಹೋಗಿ ಬರಲಿ. ನೆರಳಲ್ಲಿ ಫ್ಯಾನ್ ಹಾಕಿಕೊಂಡು ಅಡಿಕೆ ಸುಲಿಯಲಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ, ಇನ್ನೊಮ್ಮೆ ವೈದ್ಯರಿಗೆ ತೋರಿಸಿ, ದಿನಕ್ಕಿಷ್ಟು ಎಂದು ಕೆಲಸ ಶುರುಮಾಡಬಹುದು. ತಮ್ಮ ಬರುವುದರೊಳಗೆ ಈ ಮಾತನ್ನು ಅವರಿಬ್ಬರಿಗೂ ಓದಿ ಹೇಳಿ. ಪರೀಕ್ಷೆಯ ಫಲಿತಾಂಶ, ಬಿಪಿ ಮಾತ್ರೆಗಳ ಹೆಸರು ಬರೆದು ಕಳಿಸಿದರೆ ಬೊಂಡ, ಉಪ್ಪಿನ ಲೆಕ್ಕವನ್ನು ಇನ್ನಷ್ಟು ಸರಿಯಾಗಿ ಹೇಳುತ್ತೇನೆ.